ಹಳೆ ಪುಸ್ತಕಕ್ಕೆ ಯಾವ ಸಂತೆ?

ಎಲೆಕ್ಟ್ರಾನಿಕ್ ಸಿಟಿಯ ಕೆಲಸ ಬಿಟ್ಟು ಊರಿಗೆ ಹೊರಟಾಗ ಪಿಜಿ ಕೋಣೆಯಲ್ಲಿ ಎರಡು ಪೆಟ್ಟಿಗೆ ಪುಸ್ತಕಗಳಿದ್ದವು. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದ. ಮನಸ್ಸು ಒಪ್ಪಲಿಲ್ಲ. ಆನ್‌ಲೈನ್‌ನಲ್ಲಿ ಮಾರಲು ಕೂತೆ.

ಅಮೆಜಾನ್‌ನಂಥ ದೊಡ್ಡ ಮಳಿಗೆಗಳು ಪುಸ್ತಕವನ್ನು ಗುರುತಿಸುವುದು ಐಎಸ್‌ಬಿಎನ್ ಸಂಖ್ಯೆಯಿಂದ. ಎಪ್ಪತ್ತರ ದಶಕದ ಕನ್ನಡ ಕಾದಂಬರಿಗೆ ಅದನ್ನು ಎಲ್ಲಿಂದ ತರುವುದು? ಓಎಲ್‌ಎಕ್ಸ್‌ನಲ್ಲಿ ಫೋಟೊ ಹಾಕಿದರೆ ಸಾಕು, ಆದರೆ ವಿಚಾರಿಸುವವರು ಹೆಚ್ಚಾಗಿ ಅಕ್ಕಪಕ್ಕದವರು. ಅವರಿಗೆ ಬೇಕಿದ್ದದ್ದು ಜಾವಾ ಮತ್ತು ಬ್ಯಾಂಕ್ ಪರೀಕ್ಷೆಯ ಪುಸ್ತಕಗಳು. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮೆಟ್ರೊದ ನಿಲ್ದಾಣದಲ್ಲೇ ಕೊಟ್ಟು ದುಡ್ಡು ಪಡೆದೆ.

ಕನ್ನಡ ಪುಸ್ತಕ ಕೇಳಿದವರು ಫೇಸ್‌ಬುಕ್‌ನ ಓದುಗರ ಗುಂಪಿನಲ್ಲಿ ಸಿಕ್ಕರು. ಅವರೆಲ್ಲ ಸಿಂಧನೂರು, ಸಾಗರದ ಕಡೆಯವರು. ನಲವತ್ತು ರೂಪಾಯಿಯ ಪುಸ್ತಕಕ್ಕೆ ಕೊರಿಯರ್‌ನವರು ಅದಕ್ಕಿಂತ ಹೆಚ್ಚು ಕೇಳಿದರು. ಅಂಚೆ ಇಲಾಖೆ 2025ರ ಮೇ 1ರಂದು ಆರಂಭಿಸಿದ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ; ತೆರಿಗೆ ಬೇರೆ. ಬಿಡಿಯಾಗಿ ಮಾರುವುದನ್ನು ನಿಲ್ಲಿಸಿ ಕಟ್ಟು ಕಟ್ಟಿದೆ. ಕಾಲು ಕೆ.ಜಿ.ಯ 20 ಪುಸ್ತಕ ಹಿಡಿದರೆ ಒಂದಕ್ಕೆ ಐದು ರೂಪಾಯಿ ಸಾಗಣೆ.

ಮಾರಲು ಹೊರಟವರು ತಾಣ ಹುಡುಕುವ ಮೊದಲು ಎರಡು ಲೆಕ್ಕ ಹಾಕಿ: ಈ ಪುಸ್ತಕದ ಓದುಗರು ಯಾವ ಊರಲ್ಲಿದ್ದಾರೆ? ಅಲ್ಲಿಗೆ ತಲುಪಿಸಲು ಎಷ್ಟು ಖರ್ಚು?