ಕಾಣದ ಪೆಟ್ಟು

ಜತ್ತ ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ನಾವು ಮುಖ್ಯಾಧ್ಯಾಪಕರಾಗಿದ್ದಾಗ, ಕಬಡ್ಡಿ ಆಡುತ್ತಿದ್ದ ಬಾಲಕನೊಬ್ಬ ತಲೆ ನೆಲಕ್ಕೆ ಬಡಿದು ಬಿದ್ದನು. ರಕ್ತ ಬರಲಿಲ್ಲ. ಮುಖಕ್ಕೆ ನೀರು ಚಿಮುಕಿಸಿ, “ಏಳಪ್ಪಾ, ಏನೂ ಆಗಿಲ್ಲ” ಎಂದು ಮತ್ತೆ ಅಂಗಳಕ್ಕಿಳಿಸಿದೆವು. ಮುಂದೆ ಹಲವು ವಾರ ಅವನಿಗೆ ತಲೆನೋವು, ಬಿಸಿಲು ಕಂಡರೆ ಕಿರಿಕಿರಿ, ಬಾಯಿಪಾಠವಾಗಿದ್ದ ಮಗ್ಗಿಯಲ್ಲಿ ಮರೆವು. ಅದನ್ನು ಸೋಮಾರಿತನವೆಂದು ಬಗೆದು ಬೆಂಚಿನ ಮೇಲೆ ನಿಲ್ಲಿಸಿದೆವು.

2021ರ ಆಗಸ್ಟಿನಲ್ಲಿ ಕರ್ನಾಟಕದ ಮಯಂಕ್ ಅಗರ್ವಾಲ್ ಅವರಿಗೆ ನಾಟಿಂಗ್‌ಹ್ಯಾಮಿನ ಅಭ್ಯಾಸದಲ್ಲಿ ಚೆಂಡು ಶಿರಸ್ತ್ರಾಣಕ್ಕೆ ಬಡಿಯಿತು. ಅದು ‘ಕನ್ಕಶನ್’ ಎಂದು ನಿರ್ಣಯಿಸಿ ಅವರನ್ನು ಟೆಸ್ಟ್ ಪಂದ್ಯದಿಂದಲೇ ಹೊರಗಿರಿಸಿದರು. ಸುದ್ದಿ ಓದಿದಾಗ ನಮಗೆ ಆ ಬಾಲಕ ನೆನಪಾದನು.

ಇದು ಮಿದುಳು ಅಲುಗಿದ ಪೆಟ್ಟು. ಸ್ಕ್ಯಾನಿನಲ್ಲಿಯೂ ಸಾಮಾನ್ಯವಾಗಿ ಕಾಣದು. ತಲೆಗೆ ಪೆಟ್ಟಾದ ಮಗುವನ್ನು ಆ ದಿನ ಆಟಕ್ಕಿಳಿಸದೆ ವೈದ್ಯರಿಗೆ ತೋರಿಸಬೇಕು. ಪದೇ ಪದೇ ವಾಂತಿ, ಏರುವ ತಲೆನೋವು, ಸೆಳವು, ಎಬ್ಬಿಸಿದರೂ ಏಳದ ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮೊದಲ 24ರಿಂದ 48 ತಾಸು ವಿಶ್ರಾಂತಿ, ಬಳಿಕ ಮೆಲ್ಲಮೆಲ್ಲನೆ ಪಾಠ, ಕಡೆಗೆ ಆಟ. ಹೆಚ್ಚಿನ ಮಕ್ಕಳು 4 ವಾರಗಳಲ್ಲಿ ಗುಣಮುಖರಾಗುತ್ತಾರೆ. ಕೆಲವರಿಗೆ ತಿಂಗಳುಗಳೇ ಬೇಕು.

ಆ ಬಾಲಕ ಇಂದು ಗೃಹಸ್ಥ. ಭೇಟಿಯಾದಾಗಲೆಲ್ಲ ನಮ್ಮ ಪಾದ ಮುಟ್ಟುತ್ತಾನೆ. ಕ್ಷಮೆ ಕೇಳಬೇಕಾದವರು ನಾವು; ಇನ್ನೂ ಕೇಳಿಲ್ಲ.