ಬ್ರೆತ್, ಉಸಿರು, ದಮ್ಮು

ಇಂಗ್ಲಿಷಿನಲ್ಲಿ ‘ಬ್ರೆತ್’ ಎಂದರೆ ಉಸಿರು, ‘ಬ್ರೀದ್’ ಎಂದರೆ ಉಸಿರಾಡು. ಬರವಣಿಗೆಯಲ್ಲಿ ಇವೆರಡರ ನಡುವಿನ ಅಂತರ ಒಂದೇ ಅಕ್ಷರ. ಆರ್.ಟಿ. ನಗರ, ಹೆಬ್ಬಾಳದ ಕಡೆಯ ಇಂಗ್ಲಿಷ್ ಶಾಲೆಗಳಿಂದ ಸಂಜೆ ನಮ್ಮ ಮದ್ರಸಾಕ್ಕೆ ಬರುವ ಮಕ್ಕಳು ಈ ಎರಡನ್ನೂ ಒಂದೇ ಬಗೆಯಲ್ಲಿ ಉಚ್ಚರಿಸುತ್ತಾರೆ. ತಿದ್ದುವ ಉಪಾಯ ಅವರ ನಾಲಿಗೆಯ ಮೇಲೆಯೇ ಇದೆ. ಅರಬಿ ವರ್ಣಮಾಲೆಯ ನಾಲ್ಕನೆಯ ಅಕ್ಷರ ‘ಸಾ’, ಒಂಬತ್ತನೆಯದು ‘ಝಾಲ್’. ನಾಲಿಗೆಯ ತುದಿಯನ್ನು ಮೇಲಿನ ಮುಂಬಲ್ಲುಗಳ ಅಂಚಿಗೆ ತಾಗಿಸಿ ನುಡಿಯಬೇಕಾದ ಅಕ್ಷರಗಳಿವು. ಬ್ರೆತ್ ಮುಗಿಯುವುದು ಮೊದಲನೆಯದರಲ್ಲಿ, ಬ್ರೀದ್ ಮುಗಿಯುವುದು ಎರಡನೆಯದರಲ್ಲಿ. ತಜ್ವೀದ್ ಕಲಿತ ಮಗುವಿಗೆ ಇದನ್ನು ಒಮ್ಮೆ ಹೇಳಿದರೆ ಸಾಕು.

ಉಸಿರು ಹರಿಯುತ್ತಿರುವಂತೆ ನುಡಿಯುವ ಅಕ್ಷರಗಳನ್ನು ತಜ್ವೀದ್‌ನಲ್ಲಿ ‘ಹಮ್ಸ್’ ಗುಂಪಿಗೆ ಸೇರಿಸುತ್ತಾರೆ, ಅವು ಹತ್ತು. ಕನ್ನಡದ ವರ್ಗೀಯ ಮಹಾಪ್ರಾಣಗಳೂ ಹತ್ತೇ. ಎಣಿಕೆ ಒಂದೇ ಆಯಿತೆಂದು ಅಕ್ಷರಗಳು ಒಂದೇ ಅಲ್ಲ. ಆದರೆ ಎರಡೂ ಪರಂಪರೆಗಳು ಅಕ್ಷರವನ್ನು ಉಸಿರಿನಿಂದ ಅಳೆದಿವೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ, ಶಬ್ದವು ನಾಭಿಮೂಲದಿಂದ ಗಾಳಿಯ ನೆರವಿನಿಂದ ಕಹಳೆಯಂತೆ ಹೊರಡುತ್ತದೆ ಎನ್ನುತ್ತಾನೆ. ಹಳಗನ್ನಡದಲ್ಲಿ ‘ಉಸಿರ್’ ಎಂದರೆ ಶ್ವಾಸ ಮಾತ್ರವಲ್ಲ, ‘ಹೇಳು’ ಎಂಬ ಅರ್ಥವೂ ಉಂಟು. ‘ಈ ವಿಷಯ ಯಾರ ಬಳಿಯೂ ಉಸಿರಬೇಡ’ ಎನ್ನುವಾಗ ನಾವು ಇಂದಿಗೂ ಆ ಹಳೆಯ ಅರ್ಥವನ್ನೇ ಬಳಸುತ್ತೇವೆ. ಅರಬಿಯಲ್ಲಿ ಉಸಿರಿಗೆ ‘ನಫಸ್’, ಆತ್ಮಕ್ಕೆ ‘ನಫ್ಸ್’, ಧಾತು ಒಂದೇ. ಸೂರಃ ತಕ್ವೀರ್‌ನಲ್ಲಿ ಬೆಳಗು ಉಸಿರಾಡುವ ಪ್ರಸ್ತಾಪವಿದೆ. ಇಂಗ್ಲಿಷಿನ ಬ್ರೆತ್‌ಗೆ ಮೊದಲು ವಾಸನೆ, ಆವಿ ಎಂಬ ಅರ್ಥಗಳಿದ್ದವು. ಉಸಿರು ಎಂಬುದು ತರುವಾಯ ಬಂದದ್ದು.

ಇನ್ನು ನಮ್ಮ ಮನೆಗಳ ಮಾತು. ಪಾರ್ಸಿಯ ‘ದಮ್’ ಎಂದರೆ ಉಸಿರು. ಬಿರಿಯಾನಿಯ ಡೇಗಿಗೆ ಹಿಟ್ಟು ಮೆತ್ತಿ ಆವಿಯನ್ನು ಒಳಗೇ ಹಿಡಿದಿಟ್ಟರೆ ದಮ್, ಓದಿ ಊದಿದರೆ ದಮ್, ಬೀಡಿ ಎಳೆದರೂ ದಮ್. ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವನ ಬಾಯಲ್ಲಿ ‘ದಮ್ಮಿದ್ದರೆ ಎತ್ತು’ ಎಂದರೆ ಅದು ತಾಕತ್ತು. ಅದೇ ಪದಕ್ಕೆ ‘ಕಾಯಿಲೆ’ ಸೇರಿಸಿ ‘ದಮ್ಮಿನ ಕಾಯಿಲೆ’ ಎಂದೊಡನೆ ದನಿ ತಗ್ಗುತ್ತದೆ, ಬಾಗಿಲು ಅರ್ಧ ಮುಚ್ಚುತ್ತದೆ.

ನಮ್ಮ ತರಗತಿಯ ಹುಡುಗಿಯೊಬ್ಬಳು ದೀರ್ಘ ಆಯತ್‌ಗಳನ್ನು ಓದುವಾಗ ಎರಡು ಮೂರು ಪದಗಳಿಗೊಮ್ಮೆ ನಿಲ್ಲುತ್ತಿದ್ದಳು. ಉಸಿರು ಸಾಲದೆ ನಡುವೆ ನಿಲ್ಲುವುದಕ್ಕೆ ಅನುಮತಿಯಿದೆ. ತುಸು ಹಿಂದಿನಿಂದ ಮತ್ತೆ ಓದಿಕೊಂಡು ಮುಂದುವರಿಯಬೇಕು. ಆದರೆ ಈಕೆಯ ನಿಲುಗಡೆ ಕಲಿಕೆಯ ಕೊರತೆಯಿಂದ ಆದದ್ದಲ್ಲ. ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ತಾಯಿಯನ್ನು ಕರೆಸಿದೆವು. ‘ಹಜ್ರತ್, ಪಂಪು ಬ್ಯಾಗಿನ ತಳದಲ್ಲಿದೆ. ದಮ್ಮು ಅಂತ ಯಾರಿಗೂ ಹೇಳಬೇಡಿ. ಹೆಣ್ಣು ಮಗು, ನಾಳೆ ನಿಕಾಹ್ ಆಗಬೇಕಾದವಳು’ ಎಂದರು. ಶಾಲೆಗೂ ತಿಳಿಸಿರಲಿಲ್ಲ.

ಆ ತಾಯಿಯ ಭಯ ಸುಳ್ಳೆಂದು ನಾವು ಹೇಳಲಾರೆವು. ಹುಡುಗಿ ನೋಡಲು ಬರುವವರು ಏನೇನು ವಿಚಾರಿಸುತ್ತಾರೆಂದು ಬಲ್ಲೆವು. ಆದರೆ ಉಬ್ಬಸ ಅಂಟುರೋಗವಲ್ಲ, ಕಳಂಕವೂ ಅಲ್ಲ. ಹೆಬ್ಬಾಳದ ಮೇಲ್ಸೇತುವೆಯ ಹೊಗೆ, ಕಟ್ಟಡಗಳ ಧೂಳು, ಗುರುವಾರ ಸಂಜೆ ಮನೆಯಲ್ಲಿ ಹಾಕುವ ಲೋಬಾನ್ ಎಲ್ಲವೂ ಅದನ್ನು ಕೆರಳಿಸಬಲ್ಲವು. ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸಲಾಗದಿದ್ದರೆ ಅದು ತೀವ್ರ ಉಬ್ಬಸದ ಲಕ್ಷಣ. ಒಡನೆ ಆಸ್ಪತ್ರೆಗೆ ಒಯ್ಯಬೇಕು. ಆಗ ಮಗು ತಾನಾಗಿ ಏನನ್ನೂ ಉಸಿರಲಾರದು. ಪಕ್ಕದಲ್ಲಿದ್ದವರಿಗೆ ಪಂಪು ಎಲ್ಲಿದೆಯೆಂದು ಮೊದಲೇ ಗೊತ್ತಿರಬೇಕು. ರಮಝಾನಿನಲ್ಲಿ ರೋಗಿಗೆ ರಿಯಾಯಿತಿ ಕೊಟ್ಟ ಧರ್ಮ ನಮ್ಮದು. ಬಿಟ್ಟ ಉಪವಾಸಗಳನ್ನು ಅನಂತರ ಪೂರೈಸಬಹುದು.

ಇಷ್ಟನ್ನು ಎರಡು ಮೂರು ಭೇಟಿಗಳಲ್ಲಿ ಹೇಳಬೇಕಾಯಿತು. ಕೊನೆಗೆ ಶಾಲೆಗೆ ಪತ್ರ ಬರೆದುಕೊಡಿರೆಂದು ಆಕೆಯೇ ಬಂದರು. ಕಾಯಿಲೆಯ ಹೆಸರನ್ನು ನಾವು ‘ಉಬ್ಬಸ’ ಎಂದು ಬರೆದೆವು. ಓದಿಸಿ ಕೇಳಿದ ತಾಯಿ, ‘ಪಕ್ಕದಲ್ಲಿ ದಮ್ಮು ಅಂತಲೂ ಬರೀರಿ ಹಜ್ರತ್, ಆಯಮ್ಮನಿಗೂ ಅರ್ಥವಾಗಲಿ’ ಎಂದರು.