ರಂಗೋಲಿ ಹುಳುವೂ ಶ್ರಾವಕನ ಹಿತ್ತಲೂ

ಸೇವಂತಿಗೆಯ ಎಲೆಯಲ್ಲಿ ಬಿಳಿಯ ಗೆರೆಯೊಂದು ಹಾವಿನಂತೆ ಸುತ್ತಿ ಸುಳಿದಿರುವುದನ್ನು ಹೂಗಿಡ ಬೆಳೆಸಿದವರೆಲ್ಲ ಕಂಡಿರಬಹುದು. ರೈತರು ಅದನ್ನು ರಂಗೋಲಿ ಹುಳು ಎನ್ನುತ್ತಾರೆ. ಹೆಸರು ಅಂದವಾಗಿದೆ, ಆದರೆ ಈ ರಂಗೋಲಿಯನ್ನು ಬರೆದ ಜೀವ ಎಲೆಯ ಮೇಲಿರುವುದಿಲ್ಲ, ಎಲೆಯ ಎರಡು ಪದರಗಳ ನಡುವೆ ಇರುತ್ತದೆ. ಎರಡು ಮಿಲಿಮೀಟರನ್ನೂ ಮೀರದ ಹಳದಿ-ಕಪ್ಪು ನೊಣವೊಂದು ಎಲೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಹೊರಬಂದ ಮರಿಯು ಹಸಿರನ್ನು ತಿನ್ನುತ್ತ ಸುರಂಗ ಕೊರೆಯುತ್ತದೆ. ಅದು ಬೆಳೆದಂತೆ ಸುರಂಗವೂ ಅಗಲವಾಗುತ್ತದೆ. ಸುಮಾರು ಒಂದು ವಾರದಲ್ಲಿ ಎಲೆಯನ್ನು ಸೀಳಿ ಮಣ್ಣಿಗಿಳಿದು ಕೋಶವಾಗಿ, ಮುಂದೆ ಮತ್ತೆ ನೊಣವಾಗುತ್ತದೆ.

ಇದು ನಮ್ಮ ನೆಲದ ಜೀವಿಯಲ್ಲ. ಲಿರಿಯೋಮೈಝಾ ಟ್ರೈಫೋಲಿ ಎಂಬ ಈ ನೊಣ ಅಮೆರಿಕ ಖಂಡದ್ದು. ಸೇವಂತಿಗೆಯಂಥ ಅಲಂಕಾರದ ಗಿಡಗಳ ವ್ಯಾಪಾರದೊಡನೆ ಲೋಕ ಸುತ್ತಿ, 1990ರ ದಶಕದ ಆರಂಭದಲ್ಲಿ ಭಾರತದಲ್ಲಿ ಕಾಣಿಸಿಕೊಂಡಿತು. ಸರಕಿನೊಡನೆ ಸರಕಲ್ಲದ್ದೂ ಬರುತ್ತದೆಂಬುದು ವ್ಯಾಪಾರಿಗಳಿಗೆ ಹೊಸ ವಿಷಯವೇನಲ್ಲ.

ಮುಂಡಗೋಡ ತಾಲೂಕಿನ ಇಂದೂರದ ನಮ್ಮ ಹಿತ್ತಲಿನಲ್ಲಿ ಸೇವಂತಿಗೆ, ಟೊಮೆಟೊ ಎರಡಕ್ಕೂ ಇದು ತಗುಲಿದಾಗ, ಕೆಲಸಕ್ಕೆ ಬರುವ ಹಿರಿಯರು, "ಸಾವ್ಕಾರ್ರ, ಎಣ್ಣಿ ಹೊಡದ್ರ ಮುಗೀತ್ರಿ" ಎಂದರು. ಮನೆಯ ಕಿರಿಯರು, ವಿರೋಧೀ ಹಿಂಸೆಯು ಗೃಹಸ್ಥನಿಗೆ ಬಿಟ್ಟದ್ದೇ ಅಲ್ಲವೇ ಎಂದು ಶಾಸ್ತ್ರವನ್ನೇ ಮುಂದಿಟ್ಟರು. ಈ ಮಾತು ನಮ್ಮಲ್ಲಿ ಬಹಳ ಸುಲಭವಾಗಿ ಬಳಕೆಯಾಗುತ್ತಿದೆ. ವಿರೋಧೀ ಹಿಂಸೆಯು ಮೇಲೆ ಬಿದ್ದವನನ್ನು ಎದುರಿಸುವ ಪ್ರಸಂಗಕ್ಕೆ ಸೇರಿದ್ದು. ಬೇಸಾಯದ ಹಿಂಸೆಯು ಉದ್ಯೋಗೀ ಹಿಂಸೆ. ಅದಕ್ಕೆ ಜೀವನೋಪಾಯವೆಂಬ ಆಧಾರ ಬೇಕು, ಯತ್ನಾಚಾರವೂ ಬೇಕು. ಹಿತ್ತಲಿನ ಹೂಗಿಡಕ್ಕೆ ಮೊದಲನೆಯದೇ ಇಲ್ಲ.

ಎರಡನೆಯದನ್ನು ನೋಡೋಣ. ಮರಿಗೆ ಎಲೆಯ ಚರ್ಮವೇ ಕವಚ. ಮೇಲೆ ಸಿಂಪಡಿಸಿದ ಅನೇಕ ಔಷಧಗಳು ಅದನ್ನು ಸರಿಯಾಗಿ ಮುಟ್ಟುವುದಿಲ್ಲ. ಸಾಯುವುದು, ಸುರಂಗದೊಳಗಿನ ಮರಿಯನ್ನು ಹುಡುಕಿ ಅದರ ಮೇಲೆ ತನ್ನ ಮೊಟ್ಟೆಯಿಡುವ ಸಣ್ಣ ಕಣಜ. ಕಣಜ ಅಳಿದಲ್ಲಿ ನೊಣ ಹೆಚ್ಚುತ್ತದೆ. ಜೊತೆಗೆ ಔಷಧಕ್ಕೆ ಜಗ್ಗದ ಸಂತತಿಯೂ ಬೇಗ ಬೆಳೆಯುತ್ತದೆ. ಹಿಂಸೆಯೂ ನಡೆಯಿತು, ಕಾರ್ಯವೂ ಕೆಟ್ಟಿತು. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಮಾದವನ್ನು ಮುಂದಿಟ್ಟಿರುವುದು ಇಂಥಲ್ಲಿ ಅರ್ಥವಾಗುತ್ತದೆ.

ಹಾಗಾದರೆ ಕಣಜಕ್ಕೆ ಬಿಡುವುದು ಕಾರಿತ ಹಿಂಸೆಯಲ್ಲವೇ? ಸುಮ್ಮನಿರುವುದು ಕಾರಿತವಲ್ಲವೆಂದು ನನ್ನ ಮತ. ಆದರೆ ವಿದೇಶಗಳ ಗಾಜಿನ ಮನೆಗಳಲ್ಲಿ ಮಾಡುವಂತೆ ಕಣಜಗಳನ್ನು ಕೊಂಡು ತಂದು ಬಿಟ್ಟರೆ ಅದು ಕಾರಿತವೇ. ಶೇಕಡಾ 4ರ ಬೇವಿನ ಬೀಜದ ಕಷಾಯವನ್ನು ಕೃಷಿ ವಿಜ್ಞಾನಿಗಳು ಸೂಚಿಸುತ್ತಾರೆ. ಕಣಜಗಳಿಗೆ ಅದರಿಂದ ಹಾನಿ ಕಡಿಮೆ. ಆದರೂ ಅದು ಮರಿಯ ಬೆಳವಣಿಗೆಯನ್ನು ತಡೆದು ಕೊಲ್ಲುತ್ತದೆ. ಅದನ್ನು ಅಹಿಂಸಾ ಔಷಧವೆಂದು ಕರೆಯುವುದು ನಮ್ಮನ್ನು ನಾವೇ ವಂಚಿಸಿಕೊಂಡಂತೆ. ಹುಳುವೆಂದು ಎರಡು ಇಂದ್ರಿಯ ಎಣಿಸಬೇಕೋ, ನೊಣವೆಂದು ನಾಲ್ಕು ಎಣಿಸಬೇಕೋ ಎಂಬ ಜಿಜ್ಞಾಸೆ ರಮ್ಯವಾದದ್ದು. ಆದರೆ ಎರಡಾದರೂ ನಾಲ್ಕಾದರೂ ಅದು ತ್ರಸಜೀವ, ಅಣುವ್ರತದ ವ್ಯಾಪ್ತಿಗೆ ಸೇರಿದ್ದು.

ಟೊಮೆಟೊವನ್ನೇ ನಂಬಿ ಬದುಕುವ ರೈತನಿಗೆ ನಾನು ಉಪದೇಶ ಮಾಡಲಾರೆ. ಎಳೆಯ ಸಸಿಗಳಿಗೆ ಬಿದ್ದರೆ ಅವನ ನಷ್ಟ ನಿಜವಾದದ್ದು. ನನ್ನ ಮಾತು ಬಸದಿಗಳ ಟ್ರಸ್ಟುಗಳಿಗೆ. ತೇರಾಪಂಥದವರು ಹೂವಿನ ಬದಲು ಕೇಸರಿ ಬಣ್ಣದ ಅಕ್ಕಿಯನ್ನು ಅರ್ಪಿಸುತ್ತಾರೆ. ನಮ್ಮ ಕಡೆ ಹೂವೇ ರೂಢಿ. ಎಲೆಯ ಮೇಲೆ ಒಂದು ಗೆರೆಯೂ ಇರದ ಸೇವಂತಿಗೆಯೇ ಬೇಕೆಂದು ಪೇಟೆಯಲ್ಲಿ ಕೇಳುವಾಗ, ಯಾರ ಕೈಯಿಂದ ಏನನ್ನು ಮಾಡಿಸುತ್ತಿದ್ದೇವೆಂದು ಲೆಕ್ಕ ಹಾಕಬೇಡವೇ? ಗೆರೆ ಬಿದ್ದ ಗಿಡವೂ ಹೂ ಬಿಡುತ್ತದೆ. ಬಸದಿಯ ಅಂಗಳದಲ್ಲಿ ನಾಲ್ಕು ಪಾತಿ ಮಾಡಿಕೊಳ್ಳಲು ಬಹಳ ಟ್ರಸ್ಟುಗಳಿಗೆ ಜಾಗವಿದೆ. ಎಲೆ ಕೀಳಲೇಬೇಕೆನಿಸಿದರೆ ಬೆಳಕಿಗೆ ಹಿಡಿದು ನೋಡಬಹುದು: ಗೆರೆಯ ಅಗಲವಾದ ತುದಿಯಲ್ಲಿ ಸೀಳು ಬಿದ್ದಿದ್ದು, ಗೆರೆಯುದ್ದಕ್ಕೂ ಮರಿ ಕಾಣದಿದ್ದರೆ ಅದು ಮಣ್ಣಿಗಿಳಿದಾಗಿದೆ. ಅಂಥ ಎಲೆಯನ್ನಷ್ಟೇ ನಾವು ತೆಗೆಯುತ್ತಿದ್ದೇವೆ.